ಚೂಪು ಕಿವಿಯವನಿಗೆ ಹನ್ನೊಂದು ದಿನದ ಸೂತಕ

ಸುದ್ದಿ ಗೊತ್ತಾದಾಗ ನನ್ನ ಎಡಗೈಯಲ್ಲಿ ಫೋನಿತ್ತು, ಬಲಗೈಯಲ್ಲಿ ಸಿಗರೇಟಿತ್ತು. 2015ರ ಫೆಬ್ರವರಿ 28, ಶನಿವಾರ, ಬೆಳಿಗ್ಗೆ ಆರೂವರೆ. ಸರಸ್ವತಿಪುರಂನ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಒಗೆಯೋ ಕಲ್ಲಿದೆ. ದಿನಾ ಅದರ ಮೇಲೆ ಕೂತು ಮೊದಲನೇ ಕಾಫಿ, ಮೊದಲನೇ ಸಿಗರೇಟು. ಹೆಂಡತಿ ಏಳೋದರೊಳಗೆ ಎರಡೂ ಮುಗಿದು ಕೈ ತೊಳೆದಿರಬೇಕು. ಅವತ್ತು ಫೋನ್ ತೆರೆದರೆ ನಟ ಲಿಯೊನಾರ್ಡ್ ನಿಮೋಯ್ ಹಿಂದಿನ ದಿನ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ ಅಂತಿತ್ತು. 83 ವರ್ಷ. ಕಾರಣ ಸಿಒಪಿಡಿ, ಅಂದರೆ ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶಕ್ಕೆ ಬರುವ ಕಾಯಿಲೆ. ಓದ್ತಾ ಓದ್ತಾ ಸಿಗರೇಟಿನ ಬೂದಿ ಕಾಫಿ ಲೋಟದೊಳಗೆ ಬಿತ್ತು.

'ಸ್ಟಾರ್ ಟ್ರೆಕ್' ಅನ್ನೋ ಅಮೆರಿಕದ ಟಿವಿ ಧಾರಾವಾಹಿಯ ಸ್ಪಾಕ್ ಅಂದರೆ ಕೆಲವರಿಗೆ ತಕ್ಷಣ ಗೊತ್ತಾಗುತ್ತೆ. ಗೊತ್ತಾಗದವರಿಗೆ ಹೇಳ್ತೀನಿ. ಚೂಪು ಕಿವಿ, ಮೇಲಕ್ಕೆ ಓಡಿದ ಹುಬ್ಬು, ಬಟ್ಟಲು ಕವುಚಿ ಕತ್ತರಿಸಿದ ಹಾಗಿನ ಕ್ರಾಪು. ಅಪ್ಪ ವಲ್ಕನ್ ಅನ್ನೋ ಗ್ರಹದವನು, ಅಮ್ಮ ಭೂಮಿಯವಳು. ವಲ್ಕನ್ನರು ಕೋಪ, ದುಃಖ, ಪ್ರೀತಿ ಎಲ್ಲವನ್ನೂ ಅದುಮಿಟ್ಟುಕೊಂಡು ತರ್ಕದ ಮೇಲೆ ಬದುಕೋರು. ಬಾಹ್ಯಾಕಾಶದ ಹಡಗಿನಲ್ಲಿ ಎಲ್ಲರೂ ಕೂಗಾಡ್ತಾ ಇದ್ದಾಗ ಇವನು ಒಂದು ಹುಬ್ಬು ಎತ್ತಿ ಸುಮ್ಮನಾಗೋನು. ಆ ಪಾತ್ರ ಮಾಡಿದವನು ನಿಮೋಯ್. ಗೌರವಕ್ಕೆ 'ಅವರು' ಅಂತ ಬರೀಬೇಕು, ನಿಜ. ಆದರೆ ಅಣ್ಣಾವ್ರನ್ನ ಬಿಟ್ಟರೆ ತೆರೆ ಮೇಲಿನವರನ್ನೆಲ್ಲ ನಾವು 'ಅವನು' ಅಂತಲೇ ಕರೆದು ರೂಢಿ, ಕ್ಷಮಿಸಿ.

ಅಣ್ಣಾವ್ರು ಅಂದಾಗ ನೆನಪಾಯ್ತು. 2006ರ ಏಪ್ರಿಲ್ 12ರಂದು ಅವರು ಹೋದಾಗ ಏನು ಮಾಡಬೇಕು ಅಂತ ಯಾರಿಗೂ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಗಡಿ ಮುಚ್ಚಿದವು, ಫೋಟೋ ಇಟ್ಟು ಹಾರ ಹಾಕಿದರು, ಬೀದಿಯಲ್ಲಿ ನಿಂತವರೆಲ್ಲ ಒಂದೇ ಮನೆಯವರ ಹಾಗಿದ್ದರು. ಇವನಿಗೆ? ಮೈಸೂರಲ್ಲಿ ನನ್ನ ಜೊತೆ ಅಳೋಕೆ ಯಾರಿದ್ದಾರೆ?

ಹೆಂಡತಿ ಎದ್ದು ಬಂದಳು. ನನ್ನ ಮುಖ ನೋಡಿದ್ದೇ ಗಾಬರಿ. "ಯಾಕ್ರೀ? ಹುಣಸೂರಿಂದ ಫೋನ್ ಬಂತಾ?" ಹುಣಸೂರು ಅಂದರೆ ನನ್ನ ಅಮ್ಮನ ತವರು. ಅಲ್ಲಿ ವಯಸ್ಸಾದವರು ಜಾಸ್ತಿ, ಬೆಳ್ಳಂಬೆಳಿಗ್ಗೆ ಬರುವ ಫೋನಿಗೆ ಒಂದೇ ಅರ್ಥ.

"ಇಲ್ಲ ಕಣೆ. ಸ್ಪಾಕ್ ಹೋಗ್ಬಿಟ್ಟ."

"ಯಾರು?"

"ಅದೇ, ಚೂಪು ಕಿವಿಯವನು."

"ಅಯ್ಯೋ ಪಾಪ" ಅಂದಳು. ಎರಡು ಸೆಕೆಂಡ್ ನಿಂತಳು. ಆಮೇಲೆ ಹಾಲು ಉಕ್ಕುತ್ತೆ ಅಂತ ಒಳಗೆ ಹೋದಳು. ಅವಳದ್ದೇನೂ ತಪ್ಪಿಲ್ಲ.

ನನ್ನನ್ನು ಕೊರೆದಿದ್ದು ಸಾವಿಗಿಂತ ಇನ್ನೊಂದು ವಿಷಯ. ಒಂದು ವರ್ಷದ ಹಿಂದೆ, 2014ರ ಜನವರಿಯಲ್ಲಿ, ಅವನೇ ಟ್ವಿಟರ್‌ನಲ್ಲಿ ಹೇಳಿಕೊಂಡಿದ್ದ. ಮೂವತ್ತು ವರ್ಷದ ಹಿಂದೆಯೇ ಸಿಗರೇಟು ಬಿಟ್ಟೆ, ಆದರೂ ತಡವಾಗಿತ್ತು, ಸಿಒಪಿಡಿ ಬಂದಿದೆ, ತಾತ ಹೇಳ್ತಿದ್ದೀನಿ ಈಗಲೇ ಬಿಡಿ ಅಂತ. ತನ್ನನ್ನ ತಾನೇ ತಾತ ಅಂತ ಕರ್ಕೊಂಡಿದ್ದ. ಅದನ್ನೂ ನಾನು ಓದಿದ್ದು ಇದೇ ಒಗೆಯೋ ಕಲ್ಲಿನ ಮೇಲೆ, ಸೇದ್ತಾನೇ. ಓದಿ ನಾಲ್ಕು ಜನಕ್ಕೆ ಕಳಿಸಿದ್ದೆ ಬೇರೆ.

ಈಗ ಏನು ಮಾಡಲಿ? ಹೆಗಲು ಕೊಡೋಕಾಗಲ್ಲ, ಹಿಡಿ ಮಣ್ಣು ಹಾಕೋಕಾಗಲ್ಲ. ಅವನು ಕೇಳಿದ್ದು ಒಂದೇ. ಅಡುಗೆ ಮನೆ ಬಾಗಿಲಲ್ಲಿ ನಿಂತು ಘೋಷಣೆ ಮಾಡಿದೆ. "ಹನ್ನೊಂದು ದಿನ ಸೂತಕ. ನಾನು ಸೇದಲ್ಲ."

"ಸೂತಕದಲ್ಲಿ ದೇವಸ್ಥಾನಕ್ಕೆ ಹೋಗೋ ಹಾಗಿಲ್ಲ, ಹಬ್ಬ ಮಾಡೋ ಹಾಗಿಲ್ಲ. ಸೇದೋ ಹಾಗಿಲ್ಲ ಅಂತ ಎಲ್ಲಿದೆ?"

"ವಲ್ಕನ್ ಜಾತಿಯಲ್ಲಿದೆ."

ಅವಳು ನಗಲಿಲ್ಲ. ಈ ಮನುಷ್ಯ ಯುಗಾದಿಗೆ ಒಂದು ಸಲ, ಹುಟ್ಟುಹಬ್ಬಕ್ಕೆ ಒಂದು ಸಲ ಸಿಗರೇಟು ಬಿಡೋನು ಅಂತ ಅವಳಿಗೆ ಗೊತ್ತು. ಸಾವಿಗೆ ಬಿಡೋದು ಮಾತ್ರ ಹೊಸದು.

ಇವನು ನನಗೆ ಸಿಕ್ಕಿದ್ದು ದೂರದರ್ಶನದಲ್ಲಿ. ಎಂಬತ್ತರ ದಶಕ, ಭಾನುವಾರ ಬೆಳಿಗ್ಗೆ. ನಮ್ಮ ಬೀದಿಯಲ್ಲಿ ಟಿವಿ ಇದ್ದಿದ್ದು ಎರಡೇ ಮನೆಯಲ್ಲಿ, ಅದರಲ್ಲಿ ಒಳಗೆ ಬಿಡೋರು ಒಂದೇ ಮನೆಯವರು. ಮರದ ಶಟರ್ ಎಳೆಯೋ ಡಯನೋರ ಟಿವಿ, ಕಪ್ಪು ಬಿಳುಪು. ನಾವು ಹತ್ತು ಹನ್ನೆರಡು ಹುಡುಗರು ನೆಲದ ಮೇಲೆ. ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಅಮೆರಿಕದಲ್ಲಿ ಅದು ಶುರುವಾಗಿದ್ದು 1966ರ ಸೆಪ್ಟೆಂಬರ್‌ನಲ್ಲಿ, ನೋಡೋರಿಲ್ಲ ಅಂತ ಮೂರೇ ವರ್ಷಕ್ಕೆ, 79 ಕಂತಿಗೆ ನಿಲ್ಲಿಸಿದ್ದರು ಅನ್ನೋದೆಲ್ಲ ಎಷ್ಟೋ ವರ್ಷದ ಮೇಲೆ ತಿಳೀತು. ನಾವು ಹುಟ್ಟೋ ಮೊದಲೇ ನಿಂತುಹೋದದ್ದನ್ನ ನಾವು ಹೊಚ್ಚಹೊಸದು ಅಂದುಕೊಂಡು ಬಾಯಿ ಬಿಟ್ಟು ನೋಡ್ತಿದ್ದೆವು.

ಭಾಷೆ ಅರ್ಥ ಆಗದಿದ್ದರೂ ಸ್ಪಾಕ್ ಅರ್ಥ ಆಗ್ತಿದ್ದ. ಅವನು ಮಾತಿಗಿಂತ ಜಾಸ್ತಿ ಮುಖದಲ್ಲಿ ಹೇಳೋನು, ಆ ಮುಖದಲ್ಲೂ ಹುಬ್ಬು ಒಂದರಲ್ಲೇ. ಜೊತೆಗೆ ಕುತ್ತಿಗೆ ಹಿಂಡೋದು. ಶತ್ರುವಿನ ಭುಜ ಕುತ್ತಿಗೆ ಸೇರೋ ಜಾಗ ಒತ್ತಿದರೆ ಸಾಕು, ಎಂಥವನೂ ಕುಸಿದು ಬೀಳೋನು. ಚಿತ್ರಕಥೆಯಲ್ಲಿ ಬಂದೂಕಿನ ಹಿಡಿಯಿಂದ ತಲೆಗೆ ಹೊಡೀಬೇಕು ಅಂತಿತ್ತಂತೆ. ಇಷ್ಟು ಬುದ್ಧಿ ಇರೋನು ಹಾಗೆ ಹೊಡೆಯಲ್ಲ ಅಂತ ನಿಮೋಯ್‌ಗೆ ಅನ್ನಿಸಿ, ಈ ಪಟ್ಟನ್ನ ಅವನೇ ಹುಟ್ಟುಹಾಕಿದ. ಅದನ್ನ ನಾವು ಸ್ಕೂಲಿನಲ್ಲಿ ಒಬ್ಬರ ಮೇಲೊಬ್ಬರು ಮಾಡಿ, ಯಾರೂ ಬೀಳದೆ, ಕೊನೆಗೆ ಮೇಷ್ಟ್ರ ಹತ್ತಿರ ಎಲ್ಲರೂ ಹೊಡೆಸಿಕೊಂಡೆವು.

ಇನ್ನೊಂದು, ಆ ಕೈ. ಅಂಗೈ ಎದುರಿಗೆ ಹಿಡಿದು, ನಡುಬೆರಳಿಗೂ ಉಂಗುರದ ಬೆರಳಿಗೂ ಮಧ್ಯೆ ಕವಲು ಬಿಡಿಸೋದು. ವಲ್ಕನ್ನರ ನಮಸ್ಕಾರ. ನನಗೆ ಏನು ಮಾಡಿದರೂ ಬರಲಿಲ್ಲ. ಬಲಗೈ ಬೆರಳುಗಳನ್ನ ಜೋಡಿ ಜೋಡಿಯಾಗಿ ಅಮ್ಮನ ಹೂ ಕಟ್ಟೋ ಬಾಳೆನಾರಿನಿಂದ ಬಿಗಿದು ರಾತ್ರಿ ಮಲಗ್ತಿದ್ದೆ. ಬೆಳಿಗ್ಗೆ ಬೆರಳು ಜೋಮು ಹಿಡಿದು, ಚಮಚ ಎತ್ತೋಕಾಗ್ತಿರಲಿಲ್ಲ. ತಿಂಗಳಾದ ಮೇಲೆ ಬಂತು. ಆ ಮುದ್ರೆಯ ಮೂಲ ಗೊತ್ತಾದಾಗ ಇನ್ನೂ ಖುಷಿಯಾಯ್ತು. ನಿಮೋಯ್ ಬಾಸ್ಟನ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ. ಅಪ್ಪ ಅಮ್ಮ ಉಕ್ರೇನ್ ಕಡೆಯಿಂದ ವಲಸೆ ಬಂದವರು, ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದವನು. ಅವರ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಯಾರೂ ನೋಡಬಾರದು ಅಂತ ನಿಯಮ. ಅಪ್ಪ ನೋಡಬೇಡ ಅಂದ. ಮಗ ಇಣುಕಿದ. ಪುರೋಹಿತರ ಬೆರಳುಗಳು ಹೀಗೆ ಕವಲೊಡೆದಿದ್ದವು. ಮುಂದೆ ವಲ್ಕನ್ನರಿಗೊಂದು ನಮಸ್ಕಾರ ಬೇಕು ಅಂದಾಗ ಇದನ್ನೇ ತಂದಿಟ್ಟ. ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ತೆರೆ ಎಳೆದಾಗ ನಾವೂ ಸಂದಿಯಲ್ಲಿ ಇಣುಕಿದವರೇ ಅಲ್ವಾ? ನಮಗೆ ಏನೂ ಕಾಣಲಿಲ್ಲ, ಅವನಿಗೆ ಕಂಡಿತು.

ಇರಲಿ, ಸಿಗರೇಟಿಗೆ ಬರ್ತೀನಿ.

ನಾನು ಹೊಗೆಸೊಪ್ಪಿನ ನಾಡಿನವನು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೋದವರು ನೋಡಿರ್ತೀರ, ಹೊಲದ ಪಕ್ಕ ಕಿಟಕಿ ಇಲ್ಲದ ಎತ್ತರದ ಮನೆಗಳು. ಅವು ಬ್ಯಾರನ್. ವರ್ಜೀನಿಯಾ ಸೊಪ್ಪನ್ನ ಗಿಡದ ಬುಡದಿಂದ ಮೇಲಕ್ಕೆ ಎಲೆ ಎಲೆಯಾಗಿ ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ ಒಳಗೆ ಸಾಲಾಗಿ ನೇತುಹಾಕಿ, ಸೌದೆ ಉರಿ ಕೊಟ್ಟು ಐದಾರು ದಿನ ಬೇಯಿಸ್ತಾರೆ. ಹಸಿರು ಹೋಗಿ ಹಳದಿ ಬರಬೇಕು, ಎಲೆ ಒಣಗಬೇಕು, ಕೊನೆಗೆ ದಂಟು. ರಾತ್ರಿಯೆಲ್ಲ ಒಬ್ಬರು ಎದ್ದು ಕೂತು ಉರಿ ನೋಡ್ತಿರಬೇಕು. ರಜೆಯಲ್ಲಿ ತಾತನ ಜೊತೆ ನಾನೂ ಕೂತಿದ್ದೀನಿ. ಬೇಯ್ತಾ ಇರೋ ಸೊಪ್ಪಿನ ವಾಸನೆ ಒಂಥರಾ ಸಿಹಿ, ಬೆಲ್ಲ ಕಾಯಿಸೋ ಆಲೆಮನೆಯ ದೂರದ ನೆಂಟನ ಹಾಗೆ. ಸೇದಿದಾಗ ಬರೋ ವಾಸನೆ ಅದಲ್ಲವೇ ಅಲ್ಲ.

ತಾತ ಬೆಳೆಯುತ್ತಿದ್ದದ್ದು ಸಿಗರೇಟಿಗೆ ಹೋಗೋ ಸೊಪ್ಪು, ಸೇದುತ್ತಿದ್ದದ್ದು ಬೀಡಿ. ಕೊನೆಗಾಲದಲ್ಲಿ ಗೂರಲು ಬಂತು. ಮಲಗೋಕಾಗ್ತಿರಲಿಲ್ಲ, ರಾತ್ರಿಯೆಲ್ಲ ಗೋಡೆಗೆ ದಿಂಬು ಒರಗಿಸಿ ಕೂತಿರೋರು. ತುಟಿ ಚೂಪು ಮಾಡಿ, ಬಿಸಿ ಕಾಫಿ ಆರಿಸೋ ಹಾಗೆ ಊಫ್ ಊಫ್ ಅಂತ ಉಸಿರು ಬಿಡೋರು. ತೀರಿಕೊಂಡ ಹನ್ನೊಂದನೇ ದಿನ ಎಡೆ ಇಟ್ಟಾಗ ಇಷ್ಟವಾದದ್ದೆಲ್ಲ ಇಡಬೇಕಲ್ಲ, ಮುದ್ದೆ, ನಾಟಿ ಕೋಳಿ ಸಾರು, ಒಂದು ಹೊಸ ಪಂಚೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ. ಅದಾಗಿ ಮೂರು ವರ್ಷಕ್ಕೆ ನಾನೂ ಶುರು ಮಾಡಿದೆ. ದಿನಕ್ಕೆ ಹತ್ತು. ಇಪ್ಪತ್ತು ವರ್ಷ.

ಸಾವಿನ ದಿನವನ್ನೇ ಒಂದು ಅಂತ ಹಿಡಿದರೆ 27ನೇ ತಾರೀಕು ಮೊದಲನೇ ದಿನ, ಮಾರ್ಚ್ 9 ಹನ್ನೊಂದನೇ ದಿನ. ಮೊದಲನೇ ದಿನ ನನಗೆ ಗೊತ್ತಿಲ್ಲದೆ ಹೋಗಿತ್ತು, ಎರಡನೇ ದಿನ ಬೆಳಿಗ್ಗೆಯೇ ಒಂದು ಸೇದಿಯಾಗಿತ್ತು. ಲೆಕ್ಕ ಅಲ್ಲಿಂದಲೇ ಡೊಂಕು.

ಅವತ್ತೇ ದಿಲ್ಲಿಯಲ್ಲಿ ಬಜೆಟ್. ಅರುಣ್ ಜೇಟ್ಲಿ ಸಿಗರೇಟಿನ ಮೇಲಿನ ಸುಂಕ ಏರಿಸಿದರು, 65 ಮಿಲಿಮೀಟರ್‌ಗಿಂತ ಉದ್ದ ಇಲ್ಲದ ಸಿಗರೇಟಿಗೆ ಶೇಕಡಾ 25, ಉಳಿದವಕ್ಕೆ 15. ಮಧ್ಯಾಹ್ನ ಮೂಲೆ ಅಂಗಡಿಗೆ ಬ್ರೆಡ್ಡು ತರೋಕೆ ಹೋದೆ. ಅಂಗಡಿಯವನು ಪುಟ್ಟ ಟಿವಿಯಲ್ಲಿ ಇಂಡಿಯಾ–ಯುಎಇ ವಿಶ್ವಕಪ್ ಮ್ಯಾಚ್ ನೋಡ್ತಿದ್ದ. ನನ್ನನ್ನ ನೋಡಿದವನೇ, ಕೇಳದೇ, ಕೌಂಟರ್ ಕೆಳಗಿಂದ ಹತ್ತರ ಪ್ಯಾಕ್ ತೆಗೆದ. "ಸಾರ್, ನಿಮಗೆ ಅಂತ ಇಟ್ಟಿದ್ದೀನಿ. ಹಳೇ ರೇಟು. ನಾಳೆಯಿಂದ ಸಿಗಲ್ಲ." ಬೇಡ ಅಂದೆ. "ಯಾಕೆ ಸಾರ್?" ಅಂದ. "ಮನೇಲಿ ಸೂತಕ" ಅಂದೆ. "ಓ, ಯಾರು ಸಾರ್?" "ತಾತ" ಅಂದೆ. ಹಾಗೆ ಅಂದ ಮೇಲೆ ಬ್ರೆಡ್ಡಿನ ದುಡ್ಡು ಕೊಡುವಾಗ ಗಂಟಲು ನಿಜವಾಗ್ಲೂ ಕಟ್ಟಿತು.

ಆ ರಾತ್ರಿ ಇನ್ನೊಂದು ನೋಡಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾನಿ ಟೆರಿ ವರ್ಟ್ಸ್ ಕಿಟಕಿ ಪಕ್ಕ ಕೈ ಚಾಚಿ ಅದೇ ವಲ್ಕನ್ ಮುದ್ರೆ ಹಿಡಿದು ಫೋಟೋ ಹಾಕಿದ್ದ. ಹಿಂದೆ ನೀಲಿ ಭೂಮಿ, ಕೆಳಗೆ ನಿಮೋಯ್ ಹುಟ್ಟಿದ ಬಾಸ್ಟನ್ ಕಡೆಯ ಕರಾವಳಿ. ಮೈಸೂರಲ್ಲಿ ಯಾರೂ ಇಲ್ಲ ಅಂತಿದ್ದೆನಲ್ಲ, ನೆಲದಿಂದ ನಾನೂರು ಕಿಲೋಮೀಟರ್ ಮೇಲೆ ಒಬ್ಬ ಸಿಕ್ಕಿದ.

ಮೂರನೇ ದಿನ, ನಾಲ್ಕನೇ ದಿನ ಬಗ್ಗೆ ಏನು ಹೇಳಲಿ. ಬಿಟ್ಟು ನೋಡಿದವರಿಗೆ ಗೊತ್ತು. ತಲೆ ಭಾರ, ಬಾಯಿ ಒಣಗೋದು, ಮಗಳು ಪೆನ್ಸಿಲ್ ಬೀಳಿಸಿದರೆ ಸಿಡಿಮಿಡಿ. ಔಷಧಿ ಅಂಗಡಿಯಿಂದ ಎರಡು ಮಿಲಿಗ್ರಾಂನ ನಿಕೋಟಿನ್ ಚೂಯಿಂಗ್ ಗಮ್ ತಂದೆ. ಅದನ್ನ ಬಬಲ್ ಗಮ್ ಹಾಗೆ ಜಗಿದು ಬಿಕ್ಕಳಿಕೆ ಬಂತು. ಹಾಗಲ್ಲವಂತೆ ತಿನ್ನೋದು. ನಾಲ್ಕು ಸಲ ಜಗಿದು, ನಾಲಿಗೆ ಚುರುಗುಟ್ಟಿದಾಗ ಎಲೆ ಅಡಿಕೆ ಹಾಗೆ ದವಡೆಗೆ ಒತ್ತಿ ಇಟ್ಟುಕೊಳ್ಳಬೇಕು. ಚುರುಗುಟ್ಟೋದು ನಿಂತ ಮೇಲೆ ಮತ್ತೆ ಜಗಿಯೋದು, ಇನ್ನೊಂದು ದವಡೆಗೆ ಇಡೋದು. ಅರ್ಧ ಗಂಟೆ. ನಮ್ಮ ಅಜ್ಜಿಗೆ ಕೊಟ್ಟಿದ್ದರೆ ಹೇಳಿಕೊಡೋದೇ ಬೇಕಿರಲಿಲ್ಲ.

ಇದರಲ್ಲಿ ಮೈಸೂರಿನವರಿಗೆ ಒಂದು ತೊಡಕಿದೆ. ಕಾಫಿ. ಕಾಫಿ ಕುಡಿದ ಬಾಯಿ ಹುಳಿಯಾಗಿರುತ್ತೆ, ಆಗ ಗಮ್‌ನಿಂದ ನಿಕೋಟಿನ್ ಸರಿಯಾಗಿ ಒಳಗೆ ಹೋಗಲ್ಲ. ಕಾಲು ಗಂಟೆಯಾದರೂ ಬಿಡಬೇಕು. ಸಾಲದ್ದಕ್ಕೆ, ಹೊಗೆ ಕುಡಿಯೋರ ಮೈ ಕಾಫಿಯಲ್ಲಿರೋ ಕೆಫೀನನ್ನ ಬೇಗ ಬೇಗ ಕರಗಿಸುತ್ತೆ. ಹೊಗೆ ನಿಲ್ಲಿಸಿದರೆ ಅದೇ ಒಂದು ಲೋಟ ಕಾಫಿ ಎರಡು ಲೋಟದ ಕೆಲಸ ಮಾಡುತ್ತೆ. ನನಗೆ ಇದು ಗೊತ್ತಿರಲಿಲ್ಲ. ಸಿಗರೇಟಿಲ್ಲ ಅಂತ ಇನ್ನೂ ಎರಡು ಕಾಫಿ ಜಾಸ್ತಿ ಕುಡಿದೆ, ರಾತ್ರಿ ಎರಡು ಗಂಟೆಗೆ ಎದೆ ಡವಡವ ಅಂತ ಕೂತುಬಿಟ್ಟೆ. ಎಲ್ಲ ನಿಕೋಟಿನ್ ಮಹಿಮೆ ಅಂದುಕೊಂಡಿದ್ದು ಅರ್ಧ ಕಾಫಿಯದ್ದು.

ಆರನೇ ದಿನ ಬಿದ್ದೆ. ಮಾರ್ಚ್ 4, ಬುಧವಾರ. ನನ್ನ ಕೆಲಸ ಮಂಡ್ಯದಲ್ಲಿ, ಲೆಕ್ಕಪತ್ರದ ವಿಭಾಗ. ದಿನಾ ಪ್ಯಾಸೆಂಜರ್ ಟ್ರೈನು, ಶ್ರೀರಂಗಪಟ್ಟಣದ ಸೇತುವೆ, ಪಾಂಡವಪುರ, ಮಂಡ್ಯ. ಮಾರ್ಚ್ ಅಂದರೆ ಲೆಕ್ಕದವರ ಪಾಲಿಗೆ ಏನು ಅಂತ ಹೇಳಬೇಕಿಲ್ಲ. ನನ್ನದಲ್ಲದ ಒಂದು ತಪ್ಪಿಗೆ ಎಲ್ಲರೆದುರು ಬೈಸಿಕೊಂಡೆ. ಹೊರಗೆ ಬಂದು ಟೀ ಅಂಗಡಿಯ ಹಿಂದಕ್ಕೆ ಹೋದೆ. 2008ರಿಂದ ಸಾರ್ವಜನಿಕ ಜಾಗದಲ್ಲಿ ಸೇದೋ ಹಾಗಿಲ್ಲವಲ್ಲ, ಅದಕ್ಕೆ ಎಲ್ಲ ಟೀ ಅಂಗಡಿಗೂ ಒಂದು 'ಹಿಂದೆ' ಇರುತ್ತೆ. ಸಹೋದ್ಯೋಗಿ ಒಬ್ಬ "ಬಾ ಗುರು" ಅಂತ ಪ್ಯಾಕ್ ಚಾಚಿದ. ಒಂದು ಕ್ಷಣವೂ ಯೋಚಿಸಲಿಲ್ಲ. ಎಳೆದೆ. ತಲೆ ಗಿರ್ರ್ ಅಂತು, ಬೆವರು ಬಂತು, ರುಚಿ ಮಾತ್ರ ಸುಟ್ಟ ರಟ್ಟಿನ ಹಾಗಿತ್ತು. ಆದರೂ ಪೂರ್ತಿ ಸೇದಿದೆ. ಅದೇ ಬೇಜಾರು, ಅರ್ಧಕ್ಕೆ ಎಸೆದೆ ಅಂತ ಬರೆಯೋಕೆ ನನಗೂ ಆಸೆ ಇದೆ.

ವಾಪಸ್ ಬರುವಾಗ ಟ್ರೈನಿಂದ ಇಳಿದು ಮೇಲ್ಸೇತುವೆ ಹತ್ತಿದೆ. ಮೇಲೆ ಹೋಗೋದರೊಳಗೆ ನಿಲ್ಲಬೇಕಾಯ್ತು. ಕಂಬಿ ಹಿಡಿದು ನಿಂತು ಉಸಿರು ಬಿಟ್ಟೆ. ತುಟಿ ಚೂಪಾಗಿತ್ತು. ಊಫ್ ಅಂತ ಬಂತು. ತಾತನದ್ದೇ ಸದ್ದು.

ಮರುದಿನವೇ ಪರಿಚಯದ ಡಾಕ್ಟರಮ್ಮ ಒಬ್ಬರನ್ನ ಕಂಡೆ. ಶ್ವಾಸಕೋಶದ ಬಲ ಅಳೆಯೋ ಸ್ಪೈರೋಮೆಟ್ರಿ ಮಾಡಿಸಿ ಅಂದರು. ಶನಿವಾರ ಮನೆ ಹತ್ತಿರ ಒಂದು ಲ್ಯಾಬ್‌ಗೆ ಹೋದೆ. ಅಲ್ಲಿದ್ದ ಹುಡುಗ ಫೋನ್‌ನಲ್ಲಿ ಮಾತಾಡ್ತಾನೇ ಒಂದು ಕೊಳವೆ ಬಾಯಿಗಿಟ್ಟು "ಊದಿ" ಅಂದ. ಊದಿದೆ. "ಆಯ್ತು" ಅಂದ. ಎರಡು ನಿಮಿಷದ ಕೆಲಸ, ಕೈಗೆ ರಿಪೋರ್ಟು. ಡಾಕ್ಟರಮ್ಮ ಆ ಕಾಗದವನ್ನ ಒಂದು ಸಲ ನೋಡಿ ಪಕ್ಕಕ್ಕಿಟ್ಟರು. "ನೀವು ಇಲ್ಲಿ ಎರಡೇ ಸೆಕೆಂಡ್ ಊದಿದ್ದೀರ. ಮೂಗಿಗೆ ಕ್ಲಿಪ್ ಹಾಕಿದ್ರಾ?" ಇಲ್ಲ. "ಎಷ್ಟು ಸಲ ಮಾಡಿಸಿದರು?" ಒಂದೇ ಸಲ. "ಹಾಗಿದ್ರೆ ಇದು ಬರೀ ಪೇಪರ್. ಸೋಮವಾರ ಬೆಳಿಗ್ಗೆ ನಮ್ಮಲ್ಲಿಗೆ ಬನ್ನಿ. ಹೊಟ್ಟೆ ಬಿರಿಯೋ ಹಾಗೆ ತಿಂದು ಬರಬೇಡಿ."

ಸೋಮವಾರ, ಮಾರ್ಚ್ 9. ಹನ್ನೊಂದನೇ ದಿನ. ಅರ್ಧ ದಿನ ರಜೆ ಹಾಕಿದೆ.

ಇಲ್ಲಿದ್ದ ಟೆಕ್ನೀಷಿಯನ್ ಐವತ್ತು ದಾಟಿದ ಹೆಂಗಸು, ಗಂಟಲು ಮಾತ್ರ ಕಬಡ್ಡಿ ಕೋಚಿನದ್ದು. ಮೂಗಿಗೆ ಕ್ಲಿಪ್ ಹಾಕಿದರು. ಬೆನ್ನು ನೆಟ್ಟಗೆ. ಕೊಳವೆಯ ಸುತ್ತ ತುಟಿ ಬಿಗಿಯಾಗಿ. "ಪೂರ್ತಿ ಎಳ್ಕೊಳ್ಳಿ, ಇನ್ನೂ, ಇನ್ನೂ... ಈಗ ಊದಿ! ಊದಿ ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಇದೆ, ಇನ್ನೂ ಇದೆ ಸಾರ್, ಊದಿ!" ಮೊದಲನೇ ಸೆಕೆಂಡಿನಲ್ಲೇ ಎಲ್ಲ ಖಾಲಿ ಅನ್ನಿಸುತ್ತೆ. ಕನಿಷ್ಠ ಆರು ಸೆಕೆಂಡ್ ಊದಬೇಕಿತ್ತು. ನಾಲ್ಕನೇ ಸೆಕೆಂಡಿಗೆ ಕಣ್ಣು ಕತ್ತಲೆ, ಐದಕ್ಕೆ ಕೆಮ್ಮು. ಕೆಮ್ಮಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಒಂದಕ್ಕೊಂದು ಹೊಂದೋ ಹಾಗೆ ಮೂರು ಸಲ ಬರಬೇಕು. ನನಗೆ ಐದು ಸಲ ಹಿಡೀತು. ಆಮೇಲೆ ಇನ್ಹೇಲರ್‌ನಿಂದ ನಾಲ್ಕು ಪಫ್ ಸಾಲ್ಬುಟಮಾಲ್ ಕೊಟ್ಟು, ಇಪ್ಪತ್ತು ನಿಮಿಷ ಹೊರಗೆ ಕೂರಿಸಿ, ಮತ್ತೆ ಅದೇ ಕಬಡ್ಡಿ.

ಡಾಕ್ಟರಮ್ಮ ಗ್ರಾಫ್ ತೋರಿಸಿ ವಿವರಿಸಿದರು. ಒಟ್ಟು ಊದಿದ ಗಾಳಿಯಲ್ಲಿ ಮೊದಲನೇ ಸೆಕೆಂಡಿಗೆ ಎಷ್ಟು ಭಾಗ ಆಚೆ ಬಂತು ಅನ್ನೋದೇ ಮುಖ್ಯ. ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕೆಳಗಿದ್ದರೆ ಸಿಒಪಿಡಿ ಅನ್ನುತ್ತಾರೆ. ನನ್ನದು 0.72. "ಕಾಯಿಲೆ ಅಂತ ಬರೆಯೋಕಾಗಲ್ಲ. ಆದರೆ ಗೆರೆ ಪಕ್ಕದಲ್ಲೇ ಚಾಪೆ ಹಾಸಿದ್ದೀರ."

ನಾನು ಕೇಳಿದೆ. "ಮೇಡಂ, ಒಬ್ಬರು ಮೂವತ್ತು ವರ್ಷದ ಹಿಂದೆ ಬಿಟ್ಟಿದ್ದರು. ಆದರೂ ಇದರಲ್ಲೇ ಹೋದರು. ಅದು ಹೇಗೆ?"

"ನಿಮ್ಮ ಸಂಬಂಧಿಕರಾ?"

"ಹ್ಞೂಂ."

ಅವರು ಟೇಬಲ್ ಮೇಲಿದ್ದ ರಬ್ಬರ್ ಬ್ಯಾಂಡ್ ತೆಗೆದು ಎಳೆದು ಬಿಟ್ಟರು. ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿ ಚೀಲಗಳು ಹೀಗೆ. ಒಳಗೆಳೆದಾಗ ಹಿಗ್ಗುತ್ತವೆ, ತಾವಾಗೇ ಕುಗ್ಗಿ ಗಾಳಿಯನ್ನ ಆಚೆ ತಳ್ಳುತ್ತವೆ. ಹೊಗೆ ಆ ಹಿಗ್ಗೋ ಕುಗ್ಗೋ ಗುಣವನ್ನೇ ತಿನ್ನುತ್ತೆ. ಗಾಳಿ ಒಳಗೆ ಹೋಗುತ್ತೆ, ಆಚೆ ಬರಲ್ಲ. ತುಟಿ ಚೂಪು ಮಾಡಿ ಊದೋದು ಅದಕ್ಕೇ, ದಾರಿ ಮುಚ್ಚಿಕೊಳ್ಳದೇ ಇರಲಿ ಅಂತ ಮೈ ತಾನೇ ಕಲಿತ ಉಪಾಯ. ತಿಂದುಹೋದದ್ದು ವಾಪಸ್ ಬೆಳೆಯಲ್ಲ. ಇಪ್ಪತ್ತೈದು ದಾಟಿದ ಮೇಲೆ ಎಲ್ಲರ ಶ್ವಾಸಕೋಶವೂ ವರ್ಷ ವರ್ಷ ಸ್ವಲ್ಪ ಇಳೀತಾ ಹೋಗುತ್ತೆ, ಸೇದೋರಲ್ಲಿ ಬೇಗ ಬೇಗ. ಬಿಟ್ಟರೆ ಇಳಿಯೋ ವೇಗ ಮಾಮೂಲಿಗೆ ಬರುತ್ತೆ, ಅಷ್ಟೇ. "ನಿಮ್ಮವರು ಬಿಡದೇ ಇದ್ದಿದ್ದರೆ ಆ ಮೂವತ್ತು ವರ್ಷ ಸಿಕ್ತಿತ್ತೋ ಇಲ್ವೋ ಹೇಳೋಕಾಗಲ್ಲ. ಎಷ್ಟು ವಯಸ್ಸಾಗಿತ್ತು?"

"83."

"ನೋಡಿ ಮತ್ತೆ."

ಹಾಗಾದರೆ ಅವನು ಬಿಟ್ಟಾಗ ಐವತ್ತು ದಾಟಿತ್ತು. ನನಗೆ ನಲವತ್ತೊಂದು. ಸಿಟಿ ಬಸ್ಸಿನಲ್ಲಿ ಕೂತು ಈ ಕಳೆಯೋ ಲೆಕ್ಕವನ್ನ ಮೂರು ಸಲ ಮಾಡಿದೆ. ಲೆಕ್ಕಪತ್ರದವನು ತಾನೇ.

ಸಂಜೆ ಎಡೆ ಇಟ್ಟೆವು. ನಾನು ತಮಾಷೆಗೆ ಹೇಳಿದ್ದನ್ನ ಹೆಂಡತಿ ಅಷ್ಟು ಗಂಭೀರವಾಗಿ ತಗೊಂಡಿರ್ತಾಳೆ ಅಂತ ಗೊತ್ತಿರಲಿಲ್ಲ. ಮನೆಗೆ ಬಂದರೆ ಉದ್ದಿನ ವಡೆಯ ವಾಸನೆ. "ತಿಥಿ ಅಂದ ಮೇಲೆ ವಡೆ ಬೇಡ್ವಾ?" ನಮ್ಮ ಕಡೆ ಹನ್ನೊಂದಕ್ಕೆ ಬಾಡೂಟ ಇಲ್ಲದಿದ್ದರೆ ಅದು ತಿಥಿಯೇ ಅಲ್ಲ. ಆದರೆ ಸ್ಪಾಕ್ ಸಸ್ಯಾಹಾರಿ, ನಾನೇ ಹೇಳಿದ್ದೆ. ಕುರಿ ಬಚಾವ್. ಫೋಟೋ ಇರಲಿಲ್ಲ. ಮಗಳು ಡ್ರಾಯಿಂಗ್ ಹಾಳೆಯಲ್ಲಿ ಸ್ಪಾಕ್ ಬರೆದಿದ್ದಳು. ಕಿವಿ ಎಷ್ಟು ಉದ್ದ ಅಂದರೆ ಮೊಲದ ಹಾಗಿತ್ತು. ಅದನ್ನ ಗೋಡೆಗೆ ಒರಗಿಸಿ, ಬಾಳೆಎಲೆ ತುದಿ ಹಾಕಿ, ವಡೆ, ಪಾಯಸ, ಕೋಸಂಬರಿ, ಒಂದು ಲೋಟ ಕಾಫಿ ಇಟ್ಟೆವು.

"ಅಪ್ಪ, ಹುಣಸೂರು ತಾತನಿಗೆ ಬೀಡಿ ಇಡ್ತಾರಲ್ಲ. ಈ ತಾತನಿಗೆ ಸಿಗರೇಟು ಇಡಬೇಕಲ್ವಾ?"

"ಈ ತಾತ ಬಿಟ್ಟಿದ್ದ ಕಣಮ್ಮ."

"ನೀನೂ ಬಿಟ್ಟಿದ್ದೀಯ ಅಲ್ವಾ?"

ಮಂಡ್ಯದ ಟೀ ಅಂಗಡಿಯ ಹಿಂದಿನ ವಿಷಯ ಇನ್ನೂ ಮನೆಯಲ್ಲಿ ಹೇಳಿರಲಿಲ್ಲ. ಆಗ ಹೇಳಿದೆ. ಹೆಂಡತಿ ವಡೆ ಬಡಿಸ್ತಾ "ಗೊತ್ತಿತ್ತು, ಶರ್ಟು ಒಗೆದೋಳು ನಾನೇ" ಅಂದಳು. ಮಗಳಿಗೆ ವಲ್ಕನ್ ಮುದ್ರೆ ಹೇಳಿಕೊಟ್ಟೆ. ಬಾಳೆನಾರೂ ಬೇಡ ಏನೂ ಬೇಡ, ಒಂದೇ ಸಲಕ್ಕೆ ಎರಡೂ ಕೈಯಲ್ಲಿ ಬಂತು.

ಸೂತಕ ಕಳೆದ ಮೇಲೆ ಏನು ಅನ್ನೋದು ಯೋಚಿಸಿರಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಒಗೆಯೋ ಕಲ್ಲಿನ ಮೇಲೆ ಸುಮ್ನೆ ಕೂತೆ. ಸೂತಕವನ್ನ ವರ್ಷ ಪೂರ್ತಿ ಮುಂದುವರಿಸೋಣ, ವರ್ಷದ ತಿಥಿ ತನಕ ಅಂದುಕೊಂಡೆ. ಜೂನ್‌ನಲ್ಲಿ ಒಂದು ಸಲ, ಯಾರದೋ ಮದುವೆಯ ಹಿಂದಿನ ರಾತ್ರಿ ಎರಡು, ಇಷ್ಟು ಜಾರಿದ್ದು ನಿಜ. ಅದೇ ಜೂನ್‌ನಲ್ಲಿ ಒಂದು ಕ್ಷುದ್ರಗ್ರಹಕ್ಕೆ ನಿಮೋಯ್ ಹೆಸರಿಟ್ಟರು, 4864 ನಿಮೋಯ್. ಅವತ್ತು ಗಮ್ ಪ್ಯಾಕ್ ಖಾಲಿಯಾಗಿತ್ತು, ಹೊಸದು ತರಲಿಲ್ಲ.

ಅಕ್ಟೋಬರ್‌ನಲ್ಲಿ ಮಹಾಲಯ ಅಮಾವಾಸ್ಯೆಗೆ ಹುಣಸೂರಿಗೆ ಹೋದೆವು, ಹಿರಿಯರಿಗೆ ಎಡೆ. ದಾರಿಯುದ್ದಕ್ಕೂ ಬ್ಯಾರನ್‌ಗಳಲ್ಲಿ ಕೊನೇ ಸೊಪ್ಪು ಬೇಯ್ತಾ ಇತ್ತು, ಅದೇ ಸಿಹಿ ವಾಸನೆ. ಮಾವನ ಮುಖ ಬಾಡಿತ್ತು. ಹರಾಜಿನಲ್ಲಿ ರೇಟು ಬಂದಿಲ್ಲ, ಸೌದೆ ದುಬಾರಿ. ಈ ಮನುಷ್ಯನ ಎದುರು ನಾನು ಸಿಗರೇಟು ಬಿಟ್ಟೆ ಅಂತ ಹೇಗೆ ಹೇಳಲಿ? ನಮ್ಮ ಅಮ್ಮನ ಮದುವೆ ಆಗಿದ್ದೂ ಸೊಪ್ಪಿನ ದುಡ್ಡಲ್ಲೇ. ಮಗಳು ಹೇಳಿಬಿಟ್ಟಳು. ಚೂಪು ಕಿವಿ ತಾತನ ಕಥೆಯನ್ನೂ ಸೇರಿಸಿ. ಮಾವ ಪೂರ್ತಿ ಕೇಳಿಸಿಕೊಂಡು, "ಆ ಕಿವಿಯವನು ನಿಮಗೆ ಯಾವ ಕಡೆಯಿಂದ ನೆಂಟ ಅಳಿಯಂದ್ರೆ?" ಅಂದರು, ಅಷ್ಟೇ.

ನಡುಮನೆಯಲ್ಲಿ ಎಡೆ ಜೋಡಿಸೋ ಕೆಲಸ ನನ್ನದು. ಪಂಚೆ, ಮುದ್ದೆ, ಸಾರು, ಬೀಡಿ ಕಟ್ಟು. ಬೀಡಿ ಕಟ್ಟನ್ನ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ತಾತ ಬಿಟ್ಟವರಲ್ಲ, ಬೇಕು ಅಂದವರು. ಅದನ್ನ ಎಲೆಯ ಪಕ್ಕ ಯಾವತ್ತೂ ಇಡೋ ಜಾಗದಲ್ಲೇ ಇಟ್ಟೆ. ಎಲ್ಲರೂ ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಜಗಲಿ ಮೇಲೆ ಕೂತೆವು, ಹಿರಿಯರು ಬಂದು ಉಂಡು ಹೋಗಲಿ ಅಂತ. ಮಾವ ಏನೋ ನೆನಪಾದವರ ಹಾಗೆ ನನ್ನ ಕಡೆ ತಿರುಗಿದರು.

"ಬೆಂಕಿಪೊಟ್ಟಣ ಇಟ್ಟೆಯೇನೋ?"

"ಮರ್ತೆ ಮಾವ" ಅಂದೆ. ಅದು ನನ್ನ ಜೇಬಲ್ಲಿತ್ತು.